ಓದುಗರ ಪ್ರಶ್ನೆ: ಹದಿಹರೆಯದವರಿಗಾಗಿ ಕಾದಂಬರಿ, ನಾಟಕ ಎರಡನ್ನೂ ಬರೆಯುವವರ ಕೆಲಸ

ಹದಿಹರೆಯದ ಓದುಗರಿಗಾಗಿ ಕಾದಂಬರಿ ಬರೆಯುತ್ತ, ಜೊತೆಗೆ ನಾಟಕವನ್ನೂ ಬರೆಯುವವರ ಬದುಕು, ದುಡಿಮೆ, ಒಪ್ಪಂದಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇವೆ.

ಪ್ರಶ್ನೆ: ಶಾಲೆಯ ಕೊನೆಯ ವರ್ಷದ ಹುಡುಗನ ಕಥೆಯನ್ನು ಕಾದಂಬರಿ ಮಾಡಿದ್ದೇನೆ. ಓದಿದ ಸಂಪಾದಕರು, ‘ಚೆನ್ನಾಗಿದೆ, ಆದರೆ ಇದು ಹದಿಹರೆಯದವರ ಪುಸ್ತಕ ಅಲ್ಲ, ದೊಡ್ಡವರದು’ ಎಂದು ವಾಪಸು ಕಳಿಸಿದರು. ನಾಯಕನಿಗೆ 16 ವರ್ಷ. ಇನ್ನೇನು ಬೇಕು?

ಉತ್ತರ: ನಾಯಕನ ವಯಸ್ಸು ಸರಿಯಿದೆ. ನಿರೂಪಕ ನಿಂತಿರುವ ಜಾಗ ತಪ್ಪಿರಬೇಕು. ಹದಿನಾರರ ಹುಡುಗನ ಕಥೆಯನ್ನು ನಲವತ್ತರ ಗಂಡಸು ನೆನೆದುಕೊಂಡು ಹೇಳುತ್ತಿದ್ದರೆ ಅದು ನೆನಪಿನ ಪುಸ್ತಕ. ಓದಿ ಕಣ್ಣು ಒದ್ದೆ ಮಾಡಿಕೊಳ್ಳುವವರೂ ನಲವತ್ತು ದಾಟಿದವರೇ ಆಗಿರುತ್ತಾರೆ. ಹದಿಹರೆಯದ ಓದುಗನಿಗೆ ಆ ವರ್ಷ ಕಳೆದುಹೋದ ಕಾಲವಲ್ಲ, ನಾಳೆ ಬೆಳಿಗ್ಗೆ ಎದುರಿಸಬೇಕಾದ ಕಾಲ.

ಮೊದಲ 30 ಪುಟಗಳನ್ನು ಪೆನ್ಸಿಲ್ ಹಿಡಿದು ಓದಿ. ‘ಆಗ ನನಗೆ ತಿಳಿದಿರಲಿಲ್ಲ’, ‘ಈಗ ಯೋಚಿಸಿದರೆ’, ‘ಆ ವಯಸ್ಸೇ ಹಾಗೆ’ ಎಂಬಂಥ ಮಾತು ಬಂದಲ್ಲೆಲ್ಲ ಗೆರೆ ಎಳೆಯಿರಿ. ನಾಲ್ಕೈದು ಕಡೆಗಿಂತ ಹೆಚ್ಚು ಗೆರೆ ಬಿದ್ದರೆ ಸಂಪಾದಕರು ಹೇಳಿದ್ದು ನಿಜ. ಆದರೆ ಆ ವಾಕ್ಯಗಳನ್ನು ಅಳಿಸಿದಷ್ಟಕ್ಕೇ ಕೆಲಸ ಮುಗಿಯದು. ಅಳಿಸಿದ ಮೇಲೆ ದೃಶ್ಯ ಬರಿದಾಗಿ ಕಾಣುತ್ತದೆ, ಏಕೆಂದರೆ ಅದರ ಅರ್ಥವನ್ನೆಲ್ಲ ಆ ಒಂದು ವಾಕ್ಯವೇ ಹೊತ್ತಿತ್ತು. ಅದರ ಜಾಗದಲ್ಲಿ ಹುಡುಗ ಆ ಗಳಿಗೆಯಲ್ಲಿ ಒಂದು ತೀರ್ಮಾನ ತೆಗೆದುಕೊಳ್ಳಲಿ. ತಪ್ಪು ತೀರ್ಮಾನವಾದರೆ ಇನ್ನೂ ಒಳ್ಳೆಯದು.

ಎರಡನೆಯದಾಗಿ, ಕಥೆಯ ಗಂಟನ್ನು ಬಿಚ್ಚುವವರು ಯಾರು ನೋಡಿ. ಕೊನೆಯ ಅಧ್ಯಾಯದಲ್ಲಿ ಅಪ್ಪನೋ ಟೀಚರೋ ಬಂದು ಎಲ್ಲವನ್ನೂ ಸರಿಮಾಡಿದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಹಾಗೆಂದು ದೊಡ್ಡವರನ್ನೆಲ್ಲ ಅನುಕೂಲಕ್ಕೆ ಸಾಯಿಸುವುದು, ವಿದೇಶಕ್ಕೆ ಕಳಿಸುವುದು ಸವೆದುಹೋದ ಉಪಾಯ. ದೊಡ್ಡವರು ಮನೆಯಲ್ಲೇ ಇರಲಿ. ಅವರಿಗೆ ಅವರದೇ ಚಿಂತೆ ಇರಲಿ, ಆ ಚಿಂತೆಯೇ ಹುಡುಗನ ದಾರಿಗೆ ಅಡ್ಡ ಬರಲಿ.

ಅಳತೆಯ ವಿಷಯಕ್ಕೆ ಬಂದರೆ, ಈ ಪುಸ್ತಕಗಳನ್ನು 12ರಿಂದ 18 ವರ್ಷದವರಿಗೆಂದು ತರುತ್ತಾರೆ. ಓದುಗರು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದಲು ಇಷ್ಟಪಡುವುದರಿಂದ, 16–17ರ ನಾಯಕ ತಲುಪುವುದು ಹೆಚ್ಚಾಗಿ 13–15ರ ಓದುಗರನ್ನು. ಇಂಗ್ಲಿಷ್ ಪ್ರಕಟಣಾಲೋಕದಲ್ಲಿ ಇಂದಿನ ಬದುಕಿನ ಕಥೆಗೆ 50,000ದಿಂದ 80,000 ಪದ ರೂಢಿ. ಕಲ್ಪಿತ ಲೋಕದ ಕಥೆಗಳು ಒಂದು ಲಕ್ಷದವರೆಗೆ ಹೋಗುವುದುಂಟು. ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವ ನಮ್ಮಂಥ ಭಾಷೆಗಳಲ್ಲಿ ಅದೇ ಕಥೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ಆದ್ದರಿಂದ ಪದಗಳ ಎಣಿಕೆಗಿಂತ ಪುಟಗಳ ಲೆಕ್ಕವನ್ನು ನಂಬಿ.

ಪ್ರಶ್ನೆ: ಈಗಿನ ಹುಡುಗರ ಮಾತಿನ ಶೈಲಿ ಹಿಡಿಯಲು ಅವರ ಹೊಸ ಹೊಸ ಪದಗಳ ಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಬಳಸಲೇ?

ಉತ್ತರ: ಪಟ್ಟಿಯಿಂದ ಎರಡೋ ಮೂರೋ ಸಾಕು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಪುಸ್ತಕ ಅಂಗಡಿಗೆ ಬರಲು ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಆ ಪದಗಳು ಹಳಸಿ, ಹುಡುಗರ ಬಾಯಿಂದ ಅವರ ಚಿಕ್ಕಪ್ಪಂದಿರ ಬಾಯಿಗೆ ದಾಟಿರುತ್ತವೆ. ಹಳೆಯದಾಗದೆ ಉಳಿಯುವುದು ಮಾತಿನ ಲಯ: ಅರ್ಧಕ್ಕೆ ನಿಲ್ಲಿಸುವುದು, ಕೇಳಿದ ಪ್ರಶ್ನೆಗೆ ಬೇರೆಯೇ ಉತ್ತರ ಕೊಡುವುದು, ಮುಖ್ಯವಾದದ್ದನ್ನು ಬಾಗಿಲು ದಾಟುವಾಗ ಹೇಳುವುದು. ನಾಟಕದಲ್ಲಿ ಇನ್ನೊಂದು ಅನುಕೂಲವಿದೆ. ಆಯಾ ತಂಡದ ಹುಡುಗರು ತಾಲೀಮಿನಲ್ಲೇ ಅಂಥ ಪದಗಳನ್ನು ತಮ್ಮ ಕಾಲಕ್ಕೆ ಬದಲಿಸಿಕೊಳ್ಳಲು ನೀವು ಅನುಮತಿ ಕೊಡಬಹುದು. ‘ಈ ಐದು ಪದಗಳನ್ನು ಬದಲಿಸಬಹುದು, ಉಳಿದದ್ದನ್ನಲ್ಲ’ ಎಂದು ರಂಗಪಠ್ಯದ ಮೊದಲ ಪುಟದಲ್ಲೇ ಅಚ್ಚು ಮಾಡಿಸಿ.

ಪ್ರಶ್ನೆ: ಈ ಎರಡನ್ನೂ ಒಟ್ಟಿಗೆ ಮಾಡಿ ಬಾಳಿದವರು ಇದ್ದಾರೆಯೇ? ಅವರ ವೃತ್ತಿಜೀವನ ಹೇಗೆ ಸಾಗಿತು?

ಉತ್ತರ: ಇದ್ದಾರೆ. ಕೆಲಸದ ಒಳಮರ್ಮ ತಿಳಿಸುವ ಇಬ್ಬರನ್ನು ಹೇಳುತ್ತೇವೆ, ಇಬ್ಬರೂ ಅಮೆರಿಕದವರು.

ಪಾಲ್ ಜಿಂಡೆಲ್ 1936ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಹುಟ್ಟಿದರು. ತಂದೆ ಪೊಲೀಸ್, ಸಂಸಾರ ಬಿಟ್ಟು ಹೋದವರು, ತಾಯಿ ನರ್ಸ್. ಹದಿಹರೆಯದಲ್ಲಿ ಕ್ಷಯ ತಗುಲಿ ಬಹುಕಾಲ ಆರೋಗ್ಯಧಾಮದಲ್ಲಿದ್ದರು. ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ಅಲ್ಲಿಯೇ ನಾಟಕಕಾರ ಎಡ್ವರ್ಡ್ ಆಲ್ಬೀ ನಡೆಸಿದ ಬರವಣಿಗೆಯ ತರಗತಿಗೂ ಕೂತರು. ಆಮೇಲೆ ಸುಮಾರು ಹತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರ ‘ದಿ ಎಫೆಕ್ಟ್ ಆಫ್ ಗಾಮಾ ರೇಸ್ ಆನ್ ಮ್ಯಾನ್-ಇನ್-ದ-ಮೂನ್ ಮಾರಿಗೋಲ್ಡ್ಸ್’ ನಾಟಕದ ಕೇಂದ್ರದಲ್ಲಿ ಇರುವುದೂ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗಿಡ ಬೆಳೆಸುವ ಹುಡುಗಿ. ಅದು ಮೊದಲು ರಂಗಕ್ಕೆ ಬಂದದ್ದು 1965ರಲ್ಲಿ, ಹ್ಯೂಸ್ಟನ್‌ನಲ್ಲಿ. ನ್ಯೂಯಾರ್ಕಿಗೆ ಬರಲು 1970ರವರೆಗೆ ಕಾಯಬೇಕಾಯಿತು. ಮರುವರ್ಷ ಅಮೆರಿಕದ ದೊಡ್ಡ ಗೌರವವಾದ ಪುಲಿಟ್ಜರ್ ಪ್ರಶಸ್ತಿ ಬಂತು.

ಈ ಐದು ವರ್ಷಗಳ ನಡುವೆ ನಡೆದದ್ದನ್ನು ಗಮನಿಸಿ. ನಾಟಕದ ಟೀವಿ ರೂಪವನ್ನು ನೋಡಿದ ಹಾರ್ಪರ್ ಅಂಡ್ ರೋ ಪ್ರಕಾಶನದ ಸಂಪಾದಕಿ ಷಾರ್ಲಟ್ ಜೊಲೊಟೊವ್, ಈ ಲೇಖಕನಿಗೆ ಹುಡುಗರ ಮಾತು ಗೊತ್ತಿದೆ ಎಂದು ಗುರುತಿಸಿ ಕಾದಂಬರಿ ಬರೆಯಲು ಹೇಳಿದರು. ಹಾಗೆ 1968ರಲ್ಲಿ ಬಂದದ್ದು ‘ದಿ ಪಿಗ್‌ಮ್ಯಾನ್’. ಅದರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಸರದಿಯಂತೆ ಒಂದೊಂದು ಅಧ್ಯಾಯ ಹೇಳುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ನಾಟಕಕಾರನ ಕಿವಿ ಕಾದಂಬರಿಯಲ್ಲಿ ಕೆಲಸ ಮಾಡುವುದು ಹೀಗೆ. ಅಂದರೆ ನಾಟಕ ನ್ಯೂಯಾರ್ಕ್ ತಲುಪುವ ಮೊದಲೇ ಅದು ಅವರಿಗೆ ಕಾದಂಬರಿಯ ಬಾಗಿಲು ತೆರೆದಿತ್ತು. ಮುಂದೆ ಅವರು ಚಿತ್ರಕಥೆಗಳನ್ನೂ ಬರೆದರು, 1990ರ ದಶಕದಲ್ಲಿ ಹುಡುಗರಿಗಾಗಿ ಭಯಾನಕ ಕಥೆಗಳನ್ನೂ ಬರೆದರು. ಹದಿಹರೆಯದವರ ಸಾಹಿತ್ಯಕ್ಕಾಗಿ ಕೊಡುವ ಮಾರ್ಗರೆಟ್ ಎ. ಎಡ್ವರ್ಡ್ಸ್ ಪ್ರಶಸ್ತಿ 2002ರಲ್ಲಿ ಬಂತು, 2003ರಲ್ಲಿ ತೀರಿಕೊಂಡರು.

ಆಲಿಸ್ ಚೈಲ್ಡ್ರೆಸ್ ಅವರದು ಬೇರೆ ದಾರಿ. ನಟಿಯಾಗಿ ರಂಗಕ್ಕೆ ಬಂದ ಕಪ್ಪು ವರ್ಣದ ಲೇಖಕಿ. ಅವರ ‘ಟ್ರಬಲ್ ಇನ್ ಮೈಂಡ್’ 1955ರಲ್ಲಿ ನ್ಯೂಯಾರ್ಕಿನ ಸಣ್ಣ ರಂಗಮಂದಿರದಲ್ಲಿ ಗೆದ್ದು, ಅಲ್ಲಿಯ ದೊಡ್ಡ ವಾಣಿಜ್ಯ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಗೆ ಹೋಗುವ ಮಾತಾಗಿತ್ತು. ನಿರ್ಮಾಪಕರು ನಾಟಕವನ್ನು ಮೆದುಗೊಳಿಸಲು ಹೇಳಿದರು. ಅವರು ಒಪ್ಪಲಿಲ್ಲ, ಪ್ರದರ್ಶನ ನಿಂತಿತು. ಆ ನಾಟಕ ಬ್ರಾಡ್‌ವೇ ಏರಿದ್ದು 2021ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು 27 ವರ್ಷವಾಗಿತ್ತು. 1973ರಲ್ಲಿ ಅವರು ಬರೆದ ‘ಎ ಹೀರೋ ಏಂಟ್ ನಥಿಂಗ್ ಬಟ್ ಎ ಸ್ಯಾಂಡ್‌ವಿಚ್’ ಹೆರಾಯಿನ್ ಚಟಕ್ಕೆ ಬಿದ್ದ 13ರ ಹುಡುಗನ ಕಾದಂಬರಿ. ಹುಡುಗ, ತಾಯಿ, ಮೇಷ್ಟ್ರು, ಮಾದಕದ್ರವ್ಯ ಮಾರುವವನು, ಒಬ್ಬೊಬ್ಬರೂ ತಮ್ಮ ಬಾಯಿಂದಲೇ ಹೇಳುತ್ತಾರೆ. ಓದಿದರೆ ಸಾಲು ಸಾಲು ಸ್ವಗತಗಳನ್ನು ಕೇಳಿದಂತೆ. ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆದುಹಾಕಿದ್ದನ್ನು ಪ್ರಶ್ನಿಸಿ ವಿದ್ಯಾರ್ಥಿಗಳು ಹೂಡಿದ, 1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ಈ ಪುಸ್ತಕವೂ ಒಂದು. 1978ರಲ್ಲಿ ಅದು ಸಿನಿಮಾ ಆದಾಗ ಚಿತ್ರಕಥೆ ಬರೆದದ್ದು ಅವರೇ.

ಇಬ್ಬರ ಬದುಕಿನಲ್ಲೂ ಕಾಣುವ ಒಂದು ಸಂಗತಿ ಎಂದರೆ ನಾಟಕ ಹೊರಡಲು ಬೇರೆಯವರ ಒಪ್ಪಿಗೆ ಬೇಕು, ದುಡ್ಡು ಬೇಕು, ಮಂದಿರ ಬೇಕು. ಆ ಕಾಯುವಿಕೆ ವರ್ಷಗಟ್ಟಲೆ ಇರುತ್ತದೆ, ಆ ಹೊತ್ತಿನಲ್ಲಿ ಒಬ್ಬರೇ ಕೂತು ಮುಗಿಸಬಹುದಾದ ಕೆಲಸ ಕಾದಂಬರಿ. ಎರಡನ್ನೂ ಇಟ್ಟುಕೊಂಡವರು ಹೀಗೆ ಕಾಯುವ ವರ್ಷಗಳನ್ನು ಕಳೆದುಕೊಳ್ಳುವುದಿಲ್ಲ.

ಪ್ರಶ್ನೆ: ನನ್ನದೇ ಕಾದಂಬರಿಯನ್ನು ನಾಟಕ ಮಾಡಬೇಕೆಂದಿದ್ದೇನೆ. ಸಂಭಾಷಣೆಗಳನ್ನೆಲ್ಲ ಎತ್ತಿ ಬರೆದೆ, 140 ಪುಟವಾಯಿತು. ಓದಿದರೆ ಸಪ್ಪೆ. ಎಲ್ಲಿ ಕೆಟ್ಟಿತು?

ಉತ್ತರ: ಸಂಭಾಷಣೆಗಳನ್ನು ಎತ್ತಿ ಬರೆದಲ್ಲೇ ಕೆಟ್ಟಿತು. ಕಾದಂಬರಿಯ ಸಂಭಾಷಣೆ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧವನ್ನು ಅಕ್ಕಪಕ್ಕದ ವಾಕ್ಯಗಳು, ‘ಅವಳಿಗೆ ನಂಬಿಕೆಯಾಗಲಿಲ್ಲ’ ಎಂಬಂಥವು, ಮಾಡುತ್ತವೆ. ಅವನ್ನು ಕಿತ್ತರೆ ಮಾತು ಬಿಳಿಚಿಕೊಳ್ಳುವುದು ಸಹಜ. ಅಷ್ಟೇ ಅಲ್ಲ, ಒಂದೂವರೆ ಗಂಟೆಯ ಇಂಗ್ಲಿಷ್ ನಾಟಕ ಹಿಡಿಸುವುದು 15,000ದಿಂದ 18,000 ಪದ. 60,000 ಪದದ ಕಾದಂಬರಿಯ ಕಾಲುಭಾಗಕ್ಕೆ, ಹೆಚ್ಚೆಂದರೆ ಅದಕ್ಕಿಂತ ತುಸು ಹೆಚ್ಚಿಗೆ ಮಾತ್ರ ಅಲ್ಲಿ ಜಾಗ. ಸ್ವಲ್ಪ ಸ್ವಲ್ಪ ಕತ್ತರಿಸಿದರೆ ಪ್ರಯೋಜನವಿಲ್ಲ. ಕಥೆಯ ಒಂದು ಎಳೆಯನ್ನು ಆರಿಸಿಕೊಂಡು ಉಳಿದದ್ದನ್ನು ಬಿಡಬೇಕು.

ಹಸ್ತಪ್ರತಿಯನ್ನು ಬೀರುವಿನಲ್ಲಿ ಬೀಗ ಹಾಕಿ, ನೆನಪಿನಿಂದ ಕಥೆಯನ್ನು ಎರಡು ಪುಟದಲ್ಲಿ ಬರೆಯಿರಿ. ನಿಮಗೇ ನೆನಪಿಗೆ ಬಾರದ ಪಾತ್ರ ನಾಟಕಕ್ಕೂ ಬೇಡ. ಆಮೇಲೆ ಕಾದಂಬರಿಯ ಪ್ರತಿ ದೃಶ್ಯಕ್ಕೂ ಒಂದು ಚೀಟಿ ಮಾಡಿ, ಅದರಲ್ಲಿ ಮೂರೇ ಸಂಗತಿ ಬರೆಯಿರಿ: ಯಾರಿಗೆ ಏನು ಬೇಕು, ಅಡ್ಡ ಬರುವುದು ಯಾರು, ದೃಶ್ಯ ಮುಗಿದಾಗ ಯಾವುದು ಮೊದಲಿನಂತೆ ಉಳಿದಿಲ್ಲ. ಮೂರನೆಯ ಸಾಲು ಖಾಲಿ ಉಳಿದ ಚೀಟಿಗಳನ್ನು ಪಕ್ಕಕ್ಕಿಡಿ. 40 ಚೀಟಿಗಳಲ್ಲಿ 15 ಉಳಿದರೆ ಹೆಚ್ಚು. ಉಳಿದವನ್ನು ಜಾಗದ ಪ್ರಕಾರ ಗುಂಪು ಮಾಡಿ. ಮೂರು ಬೇರೆ ಬೇರೆ ದಿನ, ಮೂರು ಕಡೆ ನಡೆದದ್ದು ಒಂದೇ ಕೋಣೆಯಲ್ಲಿ ಒಂದೇ ಸಂಜೆ ನಡೆಯಬಹುದೇ? ಸಾಮಾನ್ಯವಾಗಿ ನಡೆಯಬಹುದು, ಮತ್ತು ಹಾಗೆ ಒತ್ತಿದಾಗಲೇ ಜಗಳಕ್ಕೆ ಕಾವು ಬರುತ್ತದೆ. 8ರಿಂದ 12 ದೃಶ್ಯಘಟಕಗಳಿಗೆ ತಂದು ನಿಲ್ಲಿಸಿ.

ಇನ್ನು ನಾಯಕನ ಒಳಮಾತು. ಹದಿಹರೆಯದ ಕಾದಂಬರಿಯ ಜೀವ ಇರುವುದೇ ಅಲ್ಲಿ, ರಂಗದ ಮೇಲೆ ಮೊದಲು ಸಾಯುವುದೂ ಅದೇ. ಇದಕ್ಕೆ ಮೂರು ದಾರಿಗಳಿವೆ. ನಾಯಕ ನೇರವಾಗಿ ಪ್ರೇಕ್ಷಕರೊಡನೆ ಮಾತಾಡುವುದು ಸುಲಭ, ಆದರೆ ಅವನು ಹೇಳಿದ್ದನ್ನೇ ಮುಂದಿನ ದೃಶ್ಯ ಮತ್ತೆ ತೋರಿಸಿದರೆ ಪ್ರೇಕ್ಷಕರಿಗೆ ಎರಡು ಸಲ ಉಣಬಡಿಸಿದಂತೆ. ಅವನು ಹೇಳುವುದಕ್ಕೂ ಮಾಡುವುದಕ್ಕೂ ಹೊಂದಿಕೆ ಇಲ್ಲದಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಎರಡನೆಯದು ಮೇಳ: ಆರೇಳು ಹುಡುಗರು ಅವನ ಒಳಮಾತನ್ನು ಹಂಚಿಕೊಂಡು ಹೇಳುವುದು. ಶಾಲಾ ತಂಡಗಳಿಗೆ ಇದು ಒಗ್ಗುತ್ತದೆ, ಆದರೆ ಉಸಿರು ಒಂದಾಗುವಷ್ಟು ತಾಲೀಮು ಬೇಕು. ಎರಡು ವಾರದಲ್ಲಿ ಆಗದು. ಮೂರನೆಯದು ಒಳಮಾತನ್ನು ವಸ್ತುವಿಗೆ ಇಳಿಸುವುದು. ‘ಅಣ್ಣನ ಮೇಲೆ ನನಗೆ ಹೊಟ್ಟೆಕಿಚ್ಚು’ ಎಂದು ಹುಡುಗಿ ಹೇಳಬೇಕಿಲ್ಲ. ಅವನ ಅಂಗಿಯನ್ನು ತೊಟ್ಟು, ಅವನು ಬರುವ ಸಪ್ಪಳವಾದಾಗ ಗಡಿಬಿಡಿಯಿಂದ ಬಿಚ್ಚಿ ಎಸೆದರೆ ಸಾಕು. ಅಂಗಿ ಮತ್ತೆ ಎರಡು ಸಲ ಬರಲಿ, ಬಂದಾಗಲೆಲ್ಲ ಕೈ ಬದಲಾಗಲಿ. ನಮ್ಮ ಒಲವು ಈ ಮೂರನೆಯದರ ಕಡೆಗೆ. ಖರ್ಚು ಕಡಿಮೆ, ಹದಿನೈದರ ನಟರಿಗೆ ಉದ್ದ ಭಾಷಣಕ್ಕಿಂತ ಕೈಗೊಂದು ಕೆಲಸ ಸಿಕ್ಕರೆ ಮೈ ಹಗುರಾಗುತ್ತದೆ.

ಹೊಸ ಕರಡನ್ನು ಬರೆದು ಮುಗಿಸುವವರೆಗೆ ಕಾದಂಬರಿಯನ್ನು ತೆರೆಯಬೇಡಿ. ಆಮೇಲೆ ತೆರೆದು, ನಿಜಕ್ಕೂ ಬೇಕೆನಿಸಿದ ಹತ್ತು ಹನ್ನೆರಡು ಮಾತುಗಳನ್ನು ಮಾತ್ರ ವಾಪಸು ತನ್ನಿ.

ಪ್ರಶ್ನೆ: ಒಂದು ಪುಟಕ್ಕೆ ಒಂದು ನಿಮಿಷ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಪಾತ್ರದ ಹೆಸರು ಪ್ರತ್ಯೇಕ ಸಾಲಿನಲ್ಲಿ, ಮಾತು ಅದರ ಕೆಳಗೆ, 12 ಪಾಯಿಂಟ್ ಅಕ್ಷರ, ಮಾತಿಗೂ ಮಾತಿಗೂ ನಡುವೆ ಒಂದು ಖಾಲಿ ಸಾಲು, ಹೀಗೆ ಬರೆದಿದ್ದರೆ ಅಂದಾಜಿಗೆ ನಂಬಬಹುದು. ಒಂದೊಂದೇ ಪದದ ಜಗಳ ಬೇಗ ಓಡುತ್ತದೆ. ‘ಇಬ್ಬರೂ ಮೌನವಾಗಿ ಡೇರೆ ಕಟ್ಟುತ್ತಾರೆ’ ಎಂಬ ಒಂದು ಸಾಲು ಮೂರು ನಿಮಿಷ ತಿನ್ನುತ್ತದೆ. ಗಡಿಯಾರ ಇಟ್ಟು ಗಟ್ಟಿಯಾಗಿ ಓದಿ, ಬಂದ ಸಮಯಕ್ಕೆ ಹತ್ತನೇ ಒಂದು ಭಾಗ ಸೇರಿಸಿ. ಶಾಲೆಯ ಒಂದು ಪೀರಿಯಡ್‌ನೊಳಗೆ ಆಡುವ ನಾಟಕವಾದರೆ 35 ನಿಮಿಷಕ್ಕೆ ನಿಲ್ಲಿಸಿ, ಮಕ್ಕಳು ಬಂದು ಕೂರಲು ಎದ್ದು ಹೋಗಲು ಸಮಯ ಬೇಕು. ಹೊರಗಿನ ಪ್ರದರ್ಶನಕ್ಕೆ 60ರಿಂದ 75 ನಿಮಿಷ, ಮಧ್ಯಂತರವಿಲ್ಲದೆ.

ಪ್ರಶ್ನೆ: ಸ್ನೇಹಿತರನ್ನು ಕೂರಿಸಿ ನಾಟಕ ಓದಿಸಿದೆ. ಎಲ್ಲರೂ ‘ಸೂಪರ್’ ಎಂದರು. ತಂಡಕ್ಕೆ ಕೊಟ್ಟರೆ ಎರಡನೇ ಅಂಕ ಎಳೆಯುತ್ತದೆ ಎನ್ನುತ್ತಾರೆ. ವಾಚನ ಮಾಡಿಸುವ ಸರಿಯಾದ ಕ್ರಮ ಯಾವುದು?

ಉತ್ತರ: ಓದಿದ ಮೇಲೆ ಅಭಿಪ್ರಾಯ ಕೇಳಿದ್ದೀರಿ, ಓದುವಾಗ ಅವರನ್ನು ನೋಡಿಲ್ಲ. ಮನುಷ್ಯರ ಬಾಯಿ ಸೌಜನ್ಯ ತೋರುತ್ತದೆ, ಕುರ್ಚಿ ತೋರುವುದಿಲ್ಲ.

ಓದುವವರಿಗೆ ಪಠ್ಯವನ್ನು ಎರಡು ದಿನ ಮುಂಚೆ ಕೊಡಿ. ಒಂದು ವಾರ ಮುಂಚೆ ಕೊಟ್ಟರೆ ನಟಿಸಲು ತಯಾರಾಗಿ ಬಂದು ಪಠ್ಯದ ದೋಷ ಮುಚ್ಚಿಬಿಡುತ್ತಾರೆ. ರಂಗಸೂಚನೆಗಳನ್ನು ಓದಲು ಒಬ್ಬರನ್ನು ಬೇರೆಯಾಗಿಯೇ ಇಡಿ. ನೀವು ಯಾವ ಪಾತ್ರವನ್ನೂ ಓದಬೇಡಿ, ಮಧ್ಯೆ ವಿವರಣೆ ಕೊಡಬೇಡಿ, ಓದುವವರ ಕಡೆಗಲ್ಲದೆ ಕೇಳುವವರ ಮುಖ ಕಾಣುವಂತೆ ಕೂರಿ. ಕೇಳುವವರಲ್ಲಿ ಅರ್ಧದಷ್ಟಾದರೂ ಹದಿಹರೆಯದವರೇ ಇರಲಿ. ನಿಮ್ಮ ಪ್ರತಿಯ ಅಂಚಿನಲ್ಲಿ ಮೂರು ಗುರುತು ಸಾಕು: ಓದುವವರು ತಡವರಿಸಿದಲ್ಲಿ ಒಂದು, ಕೇಳುವವರು ಅಲುಗಾಡಿದಲ್ಲಿ, ಫೋನ್ ಕಡೆ ಕೈ ಹೋದಲ್ಲಿ ಒಂದು, ನೀವು ಎಣಿಸದ ಕಡೆ ನಗು ಬಂದಲ್ಲಿ ಒಂದು. ತಡವರಿಕೆ ವಾಕ್ಯದ ದೋಷ, ಆ ವಾಕ್ಯವನ್ನು ತಿದ್ದಿದರೆ ಮುಗಿಯಿತು. ಅಲುಗಾಟದ ಕಾರಣ ಮಾತ್ರ ಸಾಮಾನ್ಯವಾಗಿ ಗುರುತು ಬಿದ್ದ ಜಾಗದಲ್ಲಿ ಇರುವುದಿಲ್ಲ, ಅದಕ್ಕಿಂತ ಮೂರು ನಾಲ್ಕು ಪುಟ ಹಿಂದೆ ಇರುತ್ತದೆ. ಪ್ರೇಕ್ಷಕರು ಕಾಯುತ್ತಿದ್ದ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕಿಬಿಟ್ಟು, ಹೊಸ ಪ್ರಶ್ನೆ ಹುಟ್ಟಿರುವುದಿಲ್ಲ. ನಿಮ್ಮ ಎರಡನೇ ಅಂಕ ಎಳೆಯುವುದಕ್ಕೂ ಮೊದಲನೇ ಅಂಕದ ಕೊನೆಯಲ್ಲಿ ಎಲ್ಲ ತಿಳಿದುಹೋಗುವುದೇ ಕಾರಣವಿರಬಹುದು, ಅಲ್ಲಿ ಹುಡುಕಿ.

ಮುಗಿದ ಮೇಲೆ ‘ಹೇಗಿತ್ತು?’ ಎನ್ನಬೇಡಿ. ‘ಅವಳು ಪತ್ರವನ್ನು ಏಕೆ ಬಚ್ಚಿಟ್ಟಳು?’ ಎಂಬಂಥ, ನಾಟಕದಿಂದ ತಿಳಿದಿರಲೇಬೇಕಾದ ನಾಲ್ಕು ಪ್ರಶ್ನೆ ಕೇಳಿ. ಮೂವರು ಮೂರು ಉತ್ತರ ಕೊಟ್ಟರೆ ಅದು ನೀವು ಬೇಕೆಂದೇ ಬಿಟ್ಟ ಅಸ್ಪಷ್ಟತೆಯೋ, ಬರೆಯಲು ಮರೆತದ್ದೋ ನಿಮಗೆ ಗೊತ್ತಿರುತ್ತದೆ.

ಪ್ರಶ್ನೆ: ನನ್ನ ನಾಟಕದಲ್ಲಿ 17 ಪಾತ್ರ. ವೃತ್ತಿತಂಡದವರು ಹೆಚ್ಚು ಎನ್ನುತ್ತಾರೆ, ಶಾಲೆಯವರು ಕಡಿಮೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಅವರವರ ಲೆಕ್ಕದಲ್ಲಿ ಸರಿ. ವೃತ್ತಿತಂಡ ಒಬ್ಬೊಬ್ಬ ನಟನಿಗೂ ಸಂಬಳ ಕೊಡಬೇಕು, ಊರೂರು ಕರೆದೊಯ್ಯಬೇಕು. ಅವರಿಗೆ ನಾಲ್ಕರಿಂದ ಆರು ಜನ ಅನುಕೂಲ. ಶಾಲೆಗೆ ಒಂದು ತರಗತಿಯ ಮಕ್ಕಳೆಲ್ಲ ರಂಗಕ್ಕೆ ಬರಬೇಕು, ಅದರಲ್ಲೂ ಹುಡುಗಿಯರ ಪಾತ್ರ ಹೆಚ್ಚು ಬೇಕು. ಎರಡೂ ಕಡೆ ನಡೆಯುವಂತೆ ಬರೆಯಲು ಬರುತ್ತದೆ. ಆರು ಗಟ್ಟಿ ಪಾತ್ರ, ಉಳಿದವು ಒಂದೆರಡು ದೃಶ್ಯಕ್ಕೆ ಬಂದು ಹೋಗುವಂಥವು, ಗಂಡೋ ಹೆಣ್ಣೋ ಯಾರು ಬೇಕಾದರೂ ಮಾಡಬಹುದಾದಂಥವು ಆಗಿರಲಿ.

ಒಂದು ಕೋಷ್ಟಕ ಹಾಕಿ. ಎಡಕ್ಕೆ ಪಾತ್ರಗಳ ಹೆಸರು, ಮೇಲೆ ದೃಶ್ಯಗಳ ಸಂಖ್ಯೆ. ಯಾರು ಯಾವ ದೃಶ್ಯದಲ್ಲಿದ್ದಾರೋ ಆ ಮನೆಗೆ ಗುರುತು ಹಾಕಿ. ಗುರುತುಗಳು ಎಲ್ಲೂ ಒಂದೇ ಕಂಬದಲ್ಲಿ ಬೀಳದ ಎರಡು ಪಾತ್ರಗಳನ್ನು ಒಬ್ಬನೇ ನಟ ಮಾಡಬಹುದು. ಆದರೆ ನಡುವೆ ಉಡುಪು ಬದಲಿಸುವಷ್ಟು ಸಮಯವಿರಬೇಕು. ಕೋಟು, ಟೋಪಿ ಮಾತ್ರವಾದರೆ 15–20 ಸೆಕೆಂಡ್ ಸಾಕು. ಪೂರ್ತಿ ಉಡುಪಾದರೆ ನೇಪಥ್ಯದಲ್ಲಿ ಸಹಾಯಕರಿದ್ದರೂ ಒಂದು ನಿಮಿಷವೆಂದೇ ಇಟ್ಟುಕೊಳ್ಳಿ, ಅಂದರೆ ಮುಕ್ಕಾಲು ಪುಟದಿಂದ ಒಂದು ಪುಟ ಮಾತು. ಈ ಕೋಷ್ಟಕವನ್ನು ಪಠ್ಯದ ಹಿಂದೆ ಲಗತ್ತಿಸಿ ಕಳಿಸಿದರೆ ‘17 ಪಾತ್ರ’ ಎಂದು ಮೊದಲ ಪುಟ ನೋಡಿಯೇ ಪಕ್ಕಕ್ಕಿಡುವವರು ‘6 ನಟರು’ ಎಂದು ಓದುತ್ತಾರೆ.

ಪ್ರಶ್ನೆ: ಪ್ರಕಾಶಕರು ಒಪ್ಪಂದ ಕಳಿಸಿದ್ದಾರೆ. ಹತ್ತು ಪುಟ. ‘ಎಲ್ಲ ಹಕ್ಕುಗಳು’ ಎಂದಿದೆ. ಮೊದಲ ಪುಸ್ತಕ, ತಕರಾರು ತೆಗೆದರೆ ಕೈಬಿಟ್ಟಾರು ಎಂಬ ಹೆದರಿಕೆ.

ಉತ್ತರ: ವಿನಯದಿಂದ ಕೇಳಿದ ಪ್ರಶ್ನೆಗೆ ಒಳ್ಳೆಯ ಪ್ರಕಾಶಕರು ಪುಸ್ತಕ ಕೈಬಿಡುವುದಿಲ್ಲ. ನಾಟಕವನ್ನೂ ಬರೆಯುವವರು ಮೊದಲು ನೋಡಬೇಕಾದದ್ದು ರೂಪಾಂತರದ ಹಕ್ಕು. ‘ಎಲ್ಲ ಹಕ್ಕುಗಳು’ ಎಂಬುದರೊಳಗೆ ರಂಗಪ್ರಯೋಗವೂ ಸೇರುತ್ತದೆ. ಹಾಗೇ ಸಹಿ ಮಾಡಿದರೆ ನಿಮ್ಮ ಕಥೆಯನ್ನು ನೀವೇ ನಾಟಕ ಮಾಡಲು ಅವರ ಅನುಮತಿ ಕೇಳಬೇಕು, ಬಂದ ಹಣದಲ್ಲಿ ಪಾಲು ಕೊಡಬೇಕು. ಮುದ್ರಣ ಮತ್ತು ಇ-ಪುಸ್ತಕ ಅವರಿಗೆ. ರಂಗ, ಸಿನಿಮಾ, ಟೀವಿ ನಿಮಗೆ ಎಂದು ಪ್ರತ್ಯೇಕ ಸಾಲಿನಲ್ಲಿ ಬರೆಸಿ. ಅನುವಾದ, ಧ್ವನಿಪುಸ್ತಕದ ಹಕ್ಕು ಕೊಡುವುದಾದರೆ, ಇಂತಿಷ್ಟು ವರ್ಷದಲ್ಲಿ ಬಳಸದಿದ್ದರೆ ವಾಪಸು ಎಂಬ ಷರತ್ತಿರಲಿ.

ಎರಡನೆಯದು ರಾಯಲ್ಟಿ, ಅಂದರೆ ಮಾರಿದ ಪ್ರತಿ ಪುಸ್ತಕಕ್ಕೆ ಲೇಖಕರಿಗೆ ಸಿಗುವ ಪಾಲು, ಯಾವುದರ ಮೇಲೆ ಎಂಬುದು. ಮುಖಬೆಲೆ 100, ಅಂಗಡಿಯವರಿಗೆ ರಿಯಾಯಿತಿ 45 ಎಂದಿಟ್ಟುಕೊಳ್ಳಿ. ಮುಖಬೆಲೆಯ ಮೇಲೆ ಶೇ. 10 ಎಂದರೆ ಪ್ರತಿಗೆ 10. ಪ್ರಕಾಶಕರಿಗೆ ಬಂದ ಹಣದ ಮೇಲೆ ಶೇ. 10 ಎಂದರೆ ಐದೂವರೆ. ಎರಡೂ ಕಡೆ ‘ಶೇ. 10’ ಎಂದೇ ಇರುತ್ತದೆ. ಮುಂಗಡ ಎನ್ನುವುದು ಈ ರಾಯಲ್ಟಿಯಿಂದಲೇ ಕಳೆಯುವ ಹಣ. ಮುಂಗಡ 40,000, ಪ್ರತಿಗೆ 10 ಎಂದರೆ 4,000 ಪ್ರತಿ ಮಾರಿದ ಮೇಲಷ್ಟೇ ಮುಂದಿನ ಹಣ. ನಿಮ್ಮ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವ ಏಜೆಂಟರಿದ್ದರೆ ಇಂಗ್ಲಿಷ್ ಲೋಕದ ರೂಢಿಯಂತೆ ಅದರಲ್ಲಿ ಶೇ. 15 ಅವರದು, ಹೊರದೇಶದ ಹಕ್ಕಿಗೆ ಶೇ. 20. ಪುಸ್ತಕ ಮಾರುವ ಮೊದಲೇ ‘ಓದಲು ಶುಲ್ಕ’ ಕೇಳುವವರನ್ನು ಏಜೆಂಟ್ ಎಂದು ತಿಳಿಯಬೇಡಿ.

ಉಳಿದವು ಚುಟುಕಾಗಿ: ಪುಸ್ತಕ ಮಾರುಕಟ್ಟೆಯಲ್ಲಿ ಇಲ್ಲದಾಗ ಹಕ್ಕು ವಾಪಸು ಎಂಬ ಕಲಮಿನಲ್ಲಿ ‘ವರ್ಷಕ್ಕೆ ಇಷ್ಟು ಪ್ರತಿಗಿಂತ ಕಡಿಮೆ ಮಾರಿದರೆ’ ಎಂಬ ಅಂಕಿ ಇರಲೇಬೇಕು, ಇಲ್ಲದಿದ್ದರೆ ಇ-ಪುಸ್ತಕದ ಒಂದು ಫೈಲ್ ಇಟ್ಟುಕೊಂಡೇ ‘ಲಭ್ಯವಿದೆ’ ಎನ್ನಬಹುದು. ‘ಮುಂದಿನ ಕೃತಿ ನಮಗೇ ಮೊದಲು’ ಎಂದಿದ್ದರೆ ‘ಮುಂದಿನ ಹದಿಹರೆಯದ ಕಾದಂಬರಿ’ ಎಂದು ತಿದ್ದಿಸಿ, ನಾಟಕ ಅದರ ಹಿಡಿತಕ್ಕೆ ಸಿಕ್ಕದಿರಲಿ.

ನಾಟಕದ ದುಡ್ಡಿನ ರೀತಿಯೇ ಬೇರೆ. ಅಲ್ಲಿ ನೀವು ಪಠ್ಯವನ್ನು ಮಾರುವುದಿಲ್ಲ, ಆಡಲು ಅನುಮತಿ ಕೊಡುತ್ತೀರಿ. ವೃತ್ತಿತಂಡದಿಂದ ಟಿಕೆಟ್ ಗಳಿಕೆಯ ಶೇಕಡಾವಾರು, ಹವ್ಯಾಸಿಗಳಿಂದ ಮತ್ತು ಶಾಲೆಗಳಿಂದ ಪ್ರದರ್ಶನಕ್ಕಿಷ್ಟು ಎಂದು. ಅನುಮತಿ ಪತ್ರದಲ್ಲಿ ಪ್ರದರ್ಶನಗಳ ಸಂಖ್ಯೆ, ಅವಧಿ, ಭಾಷೆ, ಚಿತ್ರೀಕರಿಸಿ ಹಾಕಬಹುದೇ ಇಲ್ಲವೇ ಎಂಬುದು ಇರಬೇಕು. ಅಮೆರಿಕದ ನಾಟಕಕಾರರ ಸಂಘ ಡ್ರಾಮಟಿಸ್ಟ್ಸ್ ಗಿಲ್ಡ್ ಹಿಡಿದು ನಿಂತಿರುವ ತತ್ತ್ವ ಎಲ್ಲರಿಗೂ ಹೊಂದುತ್ತದೆ: ಪಠ್ಯದ ಒಡೆತನ ನಾಟಕಕಾರನದು, ಅವನ ಒಪ್ಪಿಗೆ ಇಲ್ಲದೆ ಒಂದು ಮಾತನ್ನೂ ಬದಲಿಸುವಂತಿಲ್ಲ. ಸಿನಿಮಾದಲ್ಲಿ ಇದು ತಲೆಕೆಳಗು, ಬರೆದದ್ದು ನಿರ್ಮಾಪಕರ ಸೊತ್ತಾಗುತ್ತದೆ.

ಪ್ರಶ್ನೆ: ನನಗೆ 16 ವರ್ಷ. ಕಾದಂಬರಿ ಮುಗಿಸಿದ್ದೇನೆ. ವಯಸ್ಸು ಹೇಳಿ ಕಳಿಸಲೇ, ಮುಚ್ಚಿಡಲೇ?

ಉತ್ತರ: ಪತ್ರದಲ್ಲಿ ಹೇಳಬೇಕಿಲ್ಲ, ಕೇಳಿದರೆ ಮುಚ್ಚಿಡಬೇಡಮ್ಮ. ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ ತಮ್ಮ ಕಾದಂಬರಿ ‘ದಿ ಔಟ್‌ಸೈಡರ್ಸ್’ ಬರೆಯಲು ಶುರುಮಾಡಿದಾಗ 15, ಅದು 1967ರಲ್ಲಿ ಪ್ರಕಟವಾದಾಗ 18. ಒಪ್ಪಂದಕ್ಕೆ ಮಾತ್ರ ನಿನ್ನ ಸಹಿ ಒಂದೇ ನಿಲ್ಲುವುದಿಲ್ಲ, ಪೋಷಕರ ಸಹಿಯೂ ಬೇಕು. ಹಣ ಯಾರ ಖಾತೆಗೆ ಎಂಬುದನ್ನು ಅದರಲ್ಲೇ ಬರೆಸಿಕೋ.

ಪ್ರಶ್ನೆ: ವಿದ್ಯಾರ್ಥಿಯ ಆತ್ಮಹತ್ಯೆಯ ಸುತ್ತ ನಾಟಕ ಬರೆಯುತ್ತಿದ್ದೇನೆ. ಶಾಲೆಗಳಲ್ಲಿ ಆಡಿಸುವ ಆಸೆ. ಎಚ್ಚರಿಕೆ ಏನು?

ಉತ್ತರ: ವಿಷಯ ಬಿಡಬೇಕಿಲ್ಲ. ವಿಧಾನವನ್ನು ತೋರಿಸಬೇಡಿ, ಹೆಸರಿಸಲೂ ಬೇಡಿ. ಸತ್ತವನ ಪತ್ರ ಓದಿ ಎಲ್ಲರೂ ಪಶ್ಚಾತ್ತಾಪಪಡುವ ಕೊನೆ ಬೇಡವೇ ಬೇಡ, ಅದು ಸಾವನ್ನು ಸೇಡಾಗಿ ಗೆಲ್ಲಿಸುತ್ತದೆ. ಒಂದೇ ಒಂದು ಕಾರಣಕ್ಕೆ ಸತ್ತ ಎಂದು ಕಟ್ಟುವುದೂ ಸುಳ್ಳು, ಅಪಾಯ. ಸಹಾಯ ಕೇಳಿದ, ಸಿಕ್ಕ ಒಂದು ಪಾತ್ರವಾದರೂ ಇರಲಿ. ರಂಗಭೂಮಿ ಮತ್ತು ಸಿನಿಮಾದವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಗ್ಗೆ ಕೈಪಿಡಿ ತಂದಿದೆ, ಬರೆಯುವ ಮೊದಲೇ ಓದಿ. ಶಾಲೆಗೆ ಪೂರ್ತಿ ಪಠ್ಯವನ್ನು ಮುಂಚಿತವಾಗಿ ಕೊಡಿ, ಪ್ರದರ್ಶನದ ದಿನ ಆಪ್ತಸಮಾಲೋಚಕರು ಕೊನೆಯವರೆಗೂ ಸಭಾಂಗಣದಲ್ಲಿರಲಿ. ಎಲ್ಲರೂ ಮರೆಯುವುದು ನಟರನ್ನು. ಆರು ವಾರ ದಿನವೂ ಆ ದೃಶ್ಯ ಆಡುವ ಹುಡುಗನೂ ಹದಿನೈದರವನೇ. ಆ ದೃಶ್ಯದಿಂದ ತಾಲೀಮು ಮುಗಿಸಬೇಡಿ. ಅದಾದ ಮೇಲೆ ಬೇರೆ ದೃಶ್ಯ ಆಡಿಸಿ, ಅವನನ್ನು ಅವನ ಸ್ವಂತ ಹೆಸರಿನಿಂದ ಕರೆದು, ಮಾತಾಡಿಸಿ ಮನೆಗೆ ಕಳಿಸಿ.

ಪ್ರಶ್ನೆ: ಕೆಲಸ ಬಿಟ್ಟು ಪೂರ್ಣಾವಧಿ ಬರೆಯಬಹುದೇ?

ಉತ್ತರ: ದಿನಕ್ಕೆ 500 ಪದ, ವಾರಕ್ಕೆ ಐದು ದಿನ ಬರೆದರೆ 24 ವಾರದಲ್ಲಿ 60,000 ಪದದ ಕರಡು ಸಿದ್ಧ. ಅದಕ್ಕೆ ಬೇಕಾದದ್ದು ಬೆಳಗಿನ ಒಂದೂವರೆ ಗಂಟೆ, ರಾಜೀನಾಮೆಯಲ್ಲ. ಕರಡನ್ನು ಒಂದು ತಿಂಗಳು ಮುಟ್ಟದೆ ಇಟ್ಟು, ಆ ತಿಂಗಳು ನಾಟಕದ ಕೆಲಸ ಮಾಡಿ. ಕೆಲಸ ಬಿಡುವ ಮಾತು ಬರುವುದು ತಾಲೀಮು ಶುರುವಾದಾಗ. ಹೊಸ ನಾಟಕದ ತಾಲೀಮಿನ ಮೊದಲ ವಾರ, ಕೊನೆಯ ವಾರ ನಾಟಕಕಾರ ಅಲ್ಲಿರಬೇಕು. ರಜೆಯನ್ನು ಅದಕ್ಕೇ ಉಳಿಸಿಕೊಳ್ಳಿ. ನಡುವಿನ ವಾರಗಳಲ್ಲಿ ಹೋಗದಿದ್ದರೆ ನಿರ್ದೇಶಕರೇ ಸಂತೋಷಪಡುತ್ತಾರೆ.

ಪ್ರಶ್ನೆ: ನಾಟಕವನ್ನು ಮೊದಲು ಅಚ್ಚು ಮಾಡಿಸಲೇ, ಪ್ರದರ್ಶನ ಮಾಡಿಸಲೇ?

ಉತ್ತರ: ಪ್ರದರ್ಶನ. ಅಚ್ಚಾದ ಮೇಲೆ ಎದ್ದು ಕಾಣುವ ತಪ್ಪುಗಳೆಲ್ಲ ತಾಲೀಮಿನ ಮೊದಲ ವಾರದಲ್ಲೇ ಕಾಣುವಂಥವು. ಕೊನೆಯ ಪ್ರದರ್ಶನವಾದ ಎರಡು ವಾರದೊಳಗೆ ತಾಲೀಮಿನಲ್ಲಾದ ಬದಲಾವಣೆಗಳನ್ನು ಗುರುತು ಹಾಕಿಟ್ಟ ರಂಗನಿರ್ವಾಹಕರ ಪ್ರತಿಯನ್ನು ಕೇಳಿ ಪಡೆಯಿರಿ, ತಡವಾದರೆ ಅದು ಸಿಗುವುದಿಲ್ಲ. ನಿಮ್ಮ ಪಠ್ಯದ ಜೊತೆ ಸಾಲು ಸಾಲಾಗಿ ಹೋಲಿಸಿ. ನಟರ ಬಾಯಲ್ಲಿ ತಾನಾಗಿ ಬದಲಾದ ಮಾತು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ನಿರ್ದೇಶಕರು ಹೊಸದಾಗಿ ಸೇರಿಸಿದ ದೃಶ್ಯವಿದ್ದರೆ ಅವರ ಲಿಖಿತ ಒಪ್ಪಿಗೆ ಪಡೆದು, ಹೆಸರು ಹಾಕಿ. ಅಚ್ಚಿನ ಪ್ರತಿಯಲ್ಲಿ ಪ್ರದರ್ಶನದ ಅವಧಿ, ಪಾತ್ರ ಹಂಚಿಕೆಯ ಕೋಷ್ಟಕ, ದೃಶ್ಯವಾರು ಪರಿಕರಗಳ ಪಟ್ಟಿ, ಧ್ವನಿ-ಬೆಳಕಿನ ಸೂಚನೆ, ಅನುಮತಿ ಕೇಳಬೇಕಾದ ವಿಳಾಸ ಇರಲಿ. ವಿಳಾಸ ಮೊದಲ ಪುಟದಲ್ಲಿರಬೇಕು. ಕೊನೆಯ ಪುಟದಲ್ಲಿದ್ದರೆ ಜೆರಾಕ್ಸ್ ಮಾಡಿಸುವಾಗ ಬಿಟ್ಟುಹೋಗುತ್ತದೆ.